ರಷ್ಯಾದ ಉಪಗ್ರಹದ ಸಿಗ್ನಲ್ ಕುಂದಿದರೆ: ದೋಷ ಡಿಶ್‌ನದೋ, ಉಪಗ್ರಹದ ವಯಸ್ಸಿನದೋ?

ರಷ್ಯಾದ ಎಕ್ಸ್‌ಪ್ರೆಸ್ ಸರಣಿಯ ಉಪಗ್ರಹವೊಂದಕ್ಕೆ ತಿರುಗಿಸಿಟ್ಟ ಡಿಶ್‌ನಲ್ಲಿ ಸಿಗ್ನಲ್ ಕ್ವಾಲಿಟಿ ಇಳಿಯತೊಡಗಿದರೆ ಮೊದಲು ಬೇಕಾಗುವುದು ಗಡಿಯಾರ ಮತ್ತು ಒಂದು ನೋಟ್‌ಬುಕ್. ಸ್ಪ್ಯಾನರ್ ಆಮೇಲೆ. ಭೂಮಿಯ ಜೊತೆಗೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಯ ಉಪಗ್ರಹಕ್ಕೆ ವಯಸ್ಸಾದಾಗ ಕಾಣುವ ಲಕ್ಷಣಗಳಿಗೆಲ್ಲ ಒಂದೊಂದು ಹೊತ್ತು ಇರುತ್ತದೆ. ಯಾವ ಗಂಟೆಗೆ ಸಿಗ್ನಲ್ ಹೋಯಿತು, ಯಾವ ಗಂಟೆಗೆ ಬಂತು, ಮರುದಿನ ಅದೇ ಹೊತ್ತಿಗೆ ಹೋಯಿತೋ ಸ್ವಲ್ಪ ಮುಂಚೆ ಹೋಯಿತೋ ಎಂಬ ಮೂರು ಸಂಗತಿ ಗೊತ್ತಿದ್ದರೆ ಅರ್ಧ ರೋಗನಿದಾನ ಮುಗಿದಂತೆ. ನಟ್ಟು ಸಡಿಲಿಸಿದ ಕೂಡಲೇ ಆ ಸುಳಿವು ಕೈತಪ್ಪುತ್ತದೆ. ಆಮೇಲೆ ಸಿಗ್ನಲ್ ಏರಿಳಿದರೆ ಅದು ಉಪಗ್ರಹ ಸರಿದದ್ದರಿಂದಲೋ ನೀವು ಡಿಶ್ ಅಲುಗಿಸಿದ್ದರಿಂದಲೋ ಹೇಳಲು ಆಗುವುದಿಲ್ಲ.

ಇದನ್ನು ಬರೆಯುತ್ತಿರುವುದು ಮನೆಯ ತಾರಸಿಯಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಎಂಟಡಿಯ ಸಿ ಬ್ಯಾಂಡ್ (4000 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳ) ಡಿಶ್ ಇಟ್ಟುಕೊಂಡವರಿಗಾಗಿ. ಅದಕ್ಕಿಂತ ಹೆಚ್ಚಿನ ಫ್ರೀಕ್ವೆನ್ಸಿಯ ಕೆಯು ಬ್ಯಾಂಡಿನಲ್ಲಿ ರಷ್ಯಾದ ಉಪಗ್ರಹಗಳ ಬೀಮುಗಳು ಬಹುಪಾಲು ಅವರ ದೇಶದ ಕಡೆಗೇ ಮುಖ ಮಾಡಿರುತ್ತವೆ. ನಮ್ಮಲ್ಲಿಗೆ ಚೆಲ್ಲುವುದಿದ್ದರೆ ಸಿ ಬ್ಯಾಂಡಿನ ಅಗಲವಾದ ಬೀಮು. ಹಾಗಾಗಿ ನೀವು ಹಿಡಿಯಬೇಕೆಂದಿರುವ ಉಪಗ್ರಹದ ಬೀಮಿನ ನಕ್ಷೆಯಲ್ಲಿ ಕರ್ನಾಟಕ ಒಳಗಿದೆಯೇ ಎಂದು ಮೊದಲೇ ನೋಡಿಕೊಂಡಿರಿ. ಉದಾಹರಣೆಗಳನ್ನು ಹೆಚ್ಚಾಗಿ ಪೂರ್ವ ರೇಖಾಂಶ 80 ಡಿಗ್ರಿಯ ಜಾಗಕ್ಕೆ ಕೊಟ್ಟಿದ್ದೇನೆ. ಬೆಂಗಳೂರಿನಿಂದ ಅದು ದಿಗಂತದಿಂದ ಸುಮಾರು 74 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ, ಸ್ವಲ್ಪ ದಕ್ಷಿಣಕ್ಕೆ ಇದೆ. ಮರ, ಪಕ್ಕದ ಕಟ್ಟಡ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಅಷ್ಟರಮಟ್ಟಿಗೆ ಪತ್ತೆ ಸುಲಭ.

ಮೊದಲು ನೆಲದ ಮೇಲಿನದು

ಕೇಬಲ್, ಕನೆಕ್ಟರ್, ನೀರು ಹೊಕ್ಕ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸುವ ಡಬ್ಬಿ) ಇವನ್ನು ಯಾವ ಡಿಶ್‌ಗಾದರೂ ನೋಡುವಂತೆ ನೋಡಿ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಷ್ಯಾದ ಉಪಗ್ರಹಗಳ ವಿಷಯದಲ್ಲಿ ವಿಶೇಷವಾಗಿ ಕಾಡುವ ಎರಡು ತೊಂದರೆಗಳನ್ನು ಬಿಡಿಸಿ ಹೇಳಬೇಕು. ಇವೆರಡೂ ಉಪಗ್ರಹಕ್ಕೆ ವಯಸ್ಸಾದಂತೆಯೇ ಕಾಣುತ್ತವೆ.

ಒಂದನೆಯದು ಪೋಲರೈಸೇಶನ್, ಅಂದರೆ ತರಂಗ ಕಂಪಿಸುವ ದಿಕ್ಕು. ನಮ್ಮ ಇನ್ಸಾಟ್, ಜಿಸ್ಯಾಟ್‌ಗಳ ಸಿ ಬ್ಯಾಂಡ್ ಅಡ್ಡ ಅಥವಾ ಲಂಬ ಪೋಲರೈಸೇಶನ್‌ನಲ್ಲಿ ಬರುತ್ತದೆ. ಸೋವಿಯತ್ ಕಾಲದ ಗೊರಿಜೋಂಟ್ ಉಪಗ್ರಹಗಳಿಂದಲೂ ರಷ್ಯಾದವರ ಸಿ ಬ್ಯಾಂಡ್ ವೃತ್ತಾಕಾರದ ಪೋಲರೈಸೇಶನ್‌ನದು. ಅದನ್ನು ಹಿಡಿಯಲು ಫೀಡ್‌ಹಾರ್ನಿನ (ಎಲ್‌ಎನ್‌ಬಿಯ ಬಾಯಿಯ ಕೊಳವೆಯ) ಒಳಗೆ ಟೆಫ್ಲಾನ್ ಪಟ್ಟಿಯೊಂದನ್ನು ಎಲ್‌ಎನ್‌ಬಿಯ ಪ್ರೋಬ್‌ಗೆ, ಅಂದರೆ ಸಿಗ್ನಲ್ ಹಿಡಿಯುವ ಕಡ್ಡಿಗೆ, 45 ಡಿಗ್ರಿ ಓರೆಯಾಗಿ ಸಿಕ್ಕಿಸಿರುತ್ತಾರೆ. ಬಿಸಿಲಿಗೆ ಹಿಗ್ಗಿ ಕುಗ್ಗಿ ಒಂದು ದಿನ ಆ ಪಟ್ಟಿ ಸಡಿಲವಾಗಿ ತಿರುಗಿಬಿಡುತ್ತದೆ, ಇಲ್ಲವೇ ಕಳಚಿ ಮುಚ್ಚಳದ ಮೇಲೆ ಬಿದ್ದಿರುತ್ತದೆ. ಆಗ ಬರುವ ಶಕ್ತಿಯಲ್ಲಿ ಅರ್ಧ, ಅಂದರೆ 3 ಡಿಬಿ, ಹೋಗುತ್ತದೆ. ಪ್ರಬಲ ಚಾನೆಲ್ ಬರುತ್ತಲೇ ಇರುತ್ತದೆ, ದುರ್ಬಲವಾದದ್ದು ಚೌಕಚೌಕವಾಗಿ ಒಡೆಯುತ್ತದೆ. ನೋಡಿದವರು ಉಪಗ್ರಹದ ಶಕ್ತಿಯೇ ಕಡಿಮೆಯಾಗಿದೆ ಎಂದುಕೊಳ್ಳುತ್ತಾರೆ.

ಇದನ್ನು ಪತ್ತೆ ಮಾಡಲು ಏಣಿ ಹತ್ತಬೇಕಿಲ್ಲ. ರಿಸೀವರಿನ ಮೆನುವಿನಲ್ಲಿ ಅದೇ ಫ್ರೀಕ್ವೆನ್ಸಿಯನ್ನು ಒಮ್ಮೆ 13 ವೋಲ್ಟ್‌ನಲ್ಲಿ, ಒಮ್ಮೆ 18 ವೋಲ್ಟ್‌ನಲ್ಲಿ ನೋಡಿ; ಎರಡರಲ್ಲಿ ಯಾವ ಪೋಲರೈಸೇಶನ್ ಹಿಡಿಯಬೇಕೆಂದು ಎಲ್‌ಎನ್‌ಬಿಗೆ ಹೇಳುವುದು ಈ ವೋಲ್ಟೇಜೇ. ಪಟ್ಟಿ ಸರಿಯಾಗಿ ಕೂತಿದ್ದರೆ ಒಂದು ವೋಲ್ಟೇಜಿನಲ್ಲಿ ಚೆನ್ನಾಗಿ ಬಂದು ಇನ್ನೊಂದರಲ್ಲಿ ಏನೂ ಇರುವುದಿಲ್ಲ. ಎರಡರಲ್ಲೂ ಸರಿಸಮ ಕ್ವಾಲಿಟಿ ತೋರಿಸಿದರೆ ಪಟ್ಟಿ ಬಿದ್ದಿದೆ ಅಥವಾ ತಿರುಗಿದೆ. ಉಪಗ್ರಹದ ಮೇಲೆ ತಪ್ಪು ಹೊರಿಸುವ ಮುನ್ನ ಈ ಒಂದು ನಿಮಿಷದ ಪರೀಕ್ಷೆಯನ್ನು ಯಾರೂ ಬಿಡಬಾರದು.

ಎರಡನೆಯದು 5ಜಿ. 2022ರ ಹರಾಜಿನಲ್ಲಿ ನಮ್ಮ ದೇಶದಲ್ಲಿ 3300ರಿಂದ 3670 ಮೆಗಾಹರ್ಟ್ಸ್‌ವರೆಗಿನ ತರಂಗಗಳು ಮೊಬೈಲ್ ಕಂಪನಿಗಳಿಗೆ ಹೋದವು. ಹಳೆಯ ಸಿ ಬ್ಯಾಂಡ್ ಎಲ್‌ಎನ್‌ಬಿ 3400ರಿಂದಲೇ ಕೇಳಲು ಶುರುಮಾಡುವಂಥದ್ದು. ಹತ್ತಿರದಲ್ಲಿ ಟವರ್ ಎದ್ದರೆ ಅದಕ್ಕೆ ಉಸಿರುಕಟ್ಟುತ್ತದೆ: ಸ್ಟ್ರೆಂತ್ ತುಂಬಿ ತುಳುಕುತ್ತದೆ, ಕ್ವಾಲಿಟಿ ಸೊನ್ನೆ. ಈ ತೊಂದರೆ ಒಂದೇ ಉಪಗ್ರಹಕ್ಕೆ ಸೀಮಿತವಲ್ಲ. ಡಿಶ್ ಯಾವ ಕಡೆ ತಿರುಗಿಸಿದರೂ ಸಿ ಬ್ಯಾಂಡೇ ಕೆಟ್ಟಿರುತ್ತದೆ, ಗುರುತು ಹಿಡಿಯಲು ಅದೇ ದಾರಿ. ಪರಿಹಾರವಾಗಿ ಎಲ್ಲರೂ 3700ರಿಂದ 4200ರವರೆಗೆ ಬಿಡುವ ಫಿಲ್ಟರ್ ಹಾಕಿಸುತ್ತಾರೆ. ಇನ್ಸಾಟ್ ಚಾನೆಲ್‌ಗಳು ವಾಪಸು ಬರುತ್ತವೆ, ರಷ್ಯಾದ ಮುಖ್ಯ ಟ್ರಾನ್ಸ್‌ಪಾಂಡರ್ (ಒಂದು ಫ್ರೀಕ್ವೆನ್ಸಿಯಲ್ಲಿ ಸಿಗ್ನಲನ್ನು ನೆಲಕ್ಕೆ ಕಳಿಸುವ ಉಪಗ್ರಹದ ಘಟಕ) ಮಾತ್ರ ಬರುವುದಿಲ್ಲ! ಕಾರಣ ಸರಳ. ಸೋವಿಯತ್ ಕಾಲದಿಂದ ಅವರು ಟಿವಿಗೆ ಬಳಸುತ್ತ ಬಂದ ಟ್ರಾನ್ಸ್‌ಪಾಂಡರ್ 3675 ಮೆಗಾಹರ್ಟ್ಸ್‌ನಲ್ಲಿದೆ. ಬಂದ ಫ್ರೀಕ್ವೆನ್ಸಿಯನ್ನು 5150ರಿಂದ ಕಳೆದು ಇಳಿಸುವ ಎಲ್‌ಎನ್‌ಬಿಯಲ್ಲಿ ಅದು ಕೇಬಲ್‌ಗೆ 1475 ಆಗಿ ಇಳಿಯುತ್ತದೆ. 3700ಕ್ಕೆ ಬಾಗಿಲು ಮುಚ್ಚುವ ಫಿಲ್ಟರ್ ಅದನ್ನು ಹೊರಗೇ ನಿಲ್ಲಿಸುತ್ತದೆ. ಫಿಲ್ಟರ್ ಹಾಕಿಸಿದ ದಿನದಿಂದ 3675 ಹೋಗಿ 3800ರ ಮೇಲಿನದು ಸರಿಯಿದ್ದರೆ ಉಪಗ್ರಹ ಆರೋಗ್ಯವಾಗಿಯೇ ಇದೆ.

ಗಡಿಯಾರದ ಪರೀಕ್ಷೆ

ನೆಲದ ಮೇಲಿನದೆಲ್ಲ ಸರಿಯಿದ್ದೂ ದಿನದ ಕೆಲವು ಹೊತ್ತು ಮಾತ್ರ ಸಿಗ್ನಲ್ ಹೋಗಿ ಬರುತ್ತಿದೆ ಎಂದಾದರೆ ಎರಡು ವಾರ ಡಿಶ್ ಮುಟ್ಟದೆ ಬರೆದಿಡಿ. ಎಷ್ಟು ಹೊತ್ತಿಗೆ ಅತಿ ಕಡಿಮೆ, ಎಷ್ಟು ಹೊತ್ತಿಗೆ ಅತಿ ಹೆಚ್ಚು, ಇಷ್ಟು ಸಾಕು.

ಕಕ್ಷೆ ಓರೆಯಾದ ಉಪಗ್ರಹದ ಗುರುತು ನಾಲ್ಕು ನಿಮಿಷ. ಭೂಸ್ಥಿರ ಉಪಗ್ರಹದ ಒಂದು ಸುತ್ತು 24 ಗಂಟೆಯದಲ್ಲ, 23 ಗಂಟೆ 56 ನಿಮಿಷ 4 ಸೆಕೆಂಡಿನದು. ಅದರ ಕಕ್ಷೆ ಸಮಭಾಜಕ ವೃತ್ತಕ್ಕೆ ಸ್ವಲ್ಪ ಓರೆಯಾಗಿದ್ದರೆ, ಒಂದೊಂದು ಸುತ್ತಿನಲ್ಲೂ ಉಪಗ್ರಹ ಉತ್ತರಕ್ಕೊಮ್ಮೆ ದಕ್ಷಿಣಕ್ಕೊಮ್ಮೆ ಹೋಗಿ ಬರುತ್ತದೆ. ನೆಲದಿಂದ ನೋಡಿದರೆ ಆ ಓಡಾಟ ಉದ್ದುದ್ದದ 8ರ ಆಕಾರ. ಡಿಶ್ ಆ 8ರ ನಡುವಿಗೆ ಗುರಿಯಿಟ್ಟಿದ್ದರೆ ದಿನಕ್ಕೆ ಎರಡು ಸಲ ಸಿಗ್ನಲ್ ಬೀಳುತ್ತದೆ, ಎರಡರ ನಡುವೆ ಸುಮಾರು 12 ಗಂಟೆ. ಯಾವುದೋ ಒಂದು ತುದಿಗೆ ಗುರಿಯಿಟ್ಟಿದ್ದರೆ ಒಂದೇ ಸಲ, ಆದರೆ ಆಳವಾಗಿ. ಸುತ್ತು ದಿನಕ್ಕಿಂತ ನಾಲ್ಕು ನಿಮಿಷ ಚಿಕ್ಕದಾದ್ದರಿಂದ ಸಿಗ್ನಲ್ ಬೀಳುವ ಹೊತ್ತು ದಿನಾ ನಾಲ್ಕು ನಿಮಿಷ ಹಿಂದಕ್ಕೆ ಬರುತ್ತದೆ. ಮೊದಲ ದಿನ ರಾತ್ರಿ 9:40ಕ್ಕೆ ಅತಿ ಕಡಿಮೆ ಇತ್ತು ಅನ್ನಿ. ಒಂದು ವಾರದ ಮೇಲೆ ಅದು 9:12ರ ಸುಮಾರಿಗೆ, ಎರಡು ವಾರದ ಮೇಲೆ 8:45ಕ್ಕೆ ಬಂದಿರಬೇಕು. ತಿಂಗಳಿಗೆ ಎರಡು ಗಂಟೆ. ಈ ಲೆಕ್ಕ ಕೂಡಿಬಂದರೆ ಇನ್ನು ಅನುಮಾನವಿಲ್ಲ, ಉಪಗ್ರಹದ ಉತ್ತರ ದಕ್ಷಿಣ ಓಡಾಟವನ್ನು ತಡೆಯುವುದನ್ನು ನಿಲ್ಲಿಸಿದ್ದಾರೆ.

ಎಲ್‌ಎನ್‌ಬಿ ಬಿಸಿಯಾಗಿ ಫ್ರೀಕ್ವೆನ್ಸಿ ಜಾರುವ ತೊಂದರೆ ಹೀಗೆ ನಡೆಯುವುದಿಲ್ಲ. ಅದು ಸೂರ್ಯನ ಹಿಂದೆ ಹೋಗುತ್ತದೆ: ಮಧ್ಯಾಹ್ನ ಎರಡಕ್ಕೆ ಹೋದದ್ದು ತಿಂಗಳ ಮೇಲೂ ಮಧ್ಯಾಹ್ನ ಎರಡರ ಆಸುಪಾಸೇ, ಮೋಡ ಕವಿದ ದಿನ ಹೋಗುವುದೇ ಇಲ್ಲ. ಎರಡು ದಿನದ ಟಿಪ್ಪಣಿಯಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಎರಡು ವಾರ ಕಾಯಿರಿ ಎನ್ನುವುದು ಅದಕ್ಕೇ.

ನಡು ಹಗಲಲ್ಲಿ ಮಾತ್ರ, ಮಾರ್ಚ್ ನಡುವಿನಲ್ಲಿ ಅಥವಾ ಸೆಪ್ಟೆಂಬರ್ ಕೊನೆಯಲ್ಲಿ, ಸುಮಾರು ಒಂದು ವಾರ, ದಿನಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಸಿಗ್ನಲ್ ಹೋದರೆ ಅದು ದೋಷವೇ ಅಲ್ಲ. ಉಪಗ್ರಹದ ನೇರ ಹಿಂದೆ ಸೂರ್ಯ ಬಂದು ನಿಂತಿರುತ್ತಾನೆ. ಡಿಶ್‌ನ ನೆರಳು ನೋಡಿ, ಎಲ್‌ಎನ್‌ಬಿಯ ನೆರಳು ಡಿಶ್‌ನ ನಟ್ಟನಡುವೆ ಬಿದ್ದಿರುತ್ತದೆ. 80 ಡಿಗ್ರಿಯ ಉಪಗ್ರಹಕ್ಕೆ ಬೆಂಗಳೂರಿನಲ್ಲಿ ಇದು ಹನ್ನೆರಡರಿಂದ ಹನ್ನೆರಡೂಕಾಲರ ಆಸುಪಾಸಿನಲ್ಲಿ ಆಗುತ್ತದೆ.

ನಡುರಾತ್ರಿಯದು ಬೇರೆಯೇ ಕಥೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್ ಶುರುವಿನಿಂದ ಅಕ್ಟೋಬರ್ ನಡುವಿನವರೆಗೆ, ಭೂಸ್ಥಿರ ಉಪಗ್ರಹಗಳು ರಾತ್ರಿ ರಾತ್ರಿ ಭೂಮಿಯ ನೆರಳಿಗೆ ಸಿಕ್ಕುತ್ತವೆ. ವಿಷುವದ ಹೊತ್ತಿಗೆ ಈ ಗ್ರಹಣ 70 ನಿಮಿಷ ದಾಟುತ್ತದೆ. ಅಷ್ಟೂ ಹೊತ್ತು ಬ್ಯಾಟರಿಯೇ ಗತಿ. 80 ಡಿಗ್ರಿಯ ಉಪಗ್ರಹಕ್ಕೆ ಗ್ರಹಣದ ನಡು ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡರ ಸುಮಾರಿಗೆ ಬರುತ್ತದೆ. 40 ಡಿಗ್ರಿಯದಕ್ಕೆ ಮೂರಕ್ಕೆ ಹತ್ತು ನಿಮಿಷ ಇರುವಾಗ, 140 ಡಿಗ್ರಿಯದಕ್ಕೆ ರಾತ್ರಿ ಎಂಟು ದಾಟಿದ ಮೇಲೆ. ಈ ಹೊತ್ತಿನಲ್ಲಿ ಕೆಲವು ಫ್ರೀಕ್ವೆನ್ಸಿಗಳು ಮಾತ್ರ ಆರಿ, ಒಂದು ಗಂಟೆಯ ಮೇಲೆ ತಾವೇ ಹೊತ್ತಿಕೊಂಡರೆ ಅದು ಬಳಲಿದ ಬ್ಯಾಟರಿಯ ಲಕ್ಷಣ. ಇರುವ ಚಾರ್ಜ್ ಸಾಲದೆ ನಿಯಂತ್ರಣ ಕೇಂದ್ರದವರು ಕೆಲವು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಿ ಉಳಿದವನ್ನು ನಡೆಸುತ್ತಿರುತ್ತಾರೆ. ಜೂನ್, ಡಿಸೆಂಬರ್ ತಿಂಗಳಲ್ಲಿ ಇದೇ ಉಪಗ್ರಹ ಯಾವ ದೂರೂ ಇಲ್ಲದೆ ನಡೆಯುತ್ತದೆ, ಆಗ ಗ್ರಹಣವಿಲ್ಲ.

ಹೊತ್ತಿನ ಲೆಕ್ಕಕ್ಕೆ ಸಿಗದೆ, ಅಕ್ಕಪಕ್ಕದ್ದೆಲ್ಲ ಚೆನ್ನಾಗಿದ್ದು ಒಂದೇ ಫ್ರೀಕ್ವೆನ್ಸಿ ಸತ್ತಿದ್ದರೆ ಆ ಟ್ರಾನ್ಸ್‌ಪಾಂಡರಿನ ಆಂಪ್ಲಿಫೈಯರ್ ಹೋಗಿರಬಹುದು, ಅಥವಾ ಚಾನೆಲ್‌ನವರು ಬಾಡಿಗೆ ಬಿಟ್ಟಿರಬಹುದು. ಬ್ಲೈಂಡ್ ಸ್ಕ್ಯಾನ್ ಮಾಡಿ, ಅಂದರೆ ಎಲ್ಲ ಫ್ರೀಕ್ವೆನ್ಸಿಯನ್ನೂ ರಿಸೀವರೇ ಹುಡುಕಲಿ. ಬದಲಿ ಆಂಪ್ಲಿಫೈಯರ್‌ಗಳನ್ನು ಉಪಗ್ರಹದಲ್ಲೇ ಹಾಕಿ ಕಳಿಸಿರುತ್ತಾರೆ, ಅವೂ ಮುಗಿದಿದ್ದರೆ ಚಾನೆಲ್ ಬೇರೆ ಫ್ರೀಕ್ವೆನ್ಸಿಗೆ ಹೋಗಿರುತ್ತದೆ.

ಓರೆ ಎಂದರೆ ವಯಸ್ಸು ಏಕೆ

ಚಂದ್ರ ಮತ್ತು ಸೂರ್ಯನ ಸೆಳೆತ ಭೂಸ್ಥಿರ ಕಕ್ಷೆಯನ್ನು ಸುಮ್ಮನಿರಲು ಬಿಡುವುದಿಲ್ಲ. ತಡೆಯದೆ ಬಿಟ್ಟರೆ ವರ್ಷಕ್ಕೆ ಮುಕ್ಕಾಲರಿಂದ ಒಂದು ಡಿಗ್ರಿಯ ಹತ್ತಿರದವರೆಗೆ ಓರೆ ಬೆಳೆಯುತ್ತ, ಸುಮಾರು 26 ವರ್ಷದಲ್ಲಿ 15 ಡಿಗ್ರಿ ಮುಟ್ಟಿ, ಮತ್ತೆ ಇಳಿಯುತ್ತದೆ. ಇದನ್ನು ತಡೆಯಲು ವರ್ಷಕ್ಕೆ ಸೆಕೆಂಡಿಗೆ 50 ಮೀಟರಿನಷ್ಟು ವೇಗ ಬದಲಾವಣೆ ಬೇಕು. ಪೂರ್ವ ಪಶ್ಚಿಮವಾಗಿ ಜಾಗ ಕಾಯಲು ಬೇಕಾಗುವುದು ಅದರ ಇಪ್ಪತ್ತರಲ್ಲೊಂದು ಪಾಲು. ಆದ್ದರಿಂದ ಇಂಧನ ತಳ ಕಾಣುತ್ತ ಬಂದಾಗ ನಿರ್ವಾಹಕರು ಮೊದಲು ಬಿಟ್ಟುಕೊಡುವುದು ಉತ್ತರ ದಕ್ಷಿಣವನ್ನು. ಪೂರ್ವ ಪಶ್ಚಿಮ ಹಿಡಿದುಕೊಂಡರೆ ಉಪಗ್ರಹ ಪಕ್ಕದವರ ಜಾಗಕ್ಕೆ ನುಗ್ಗುವುದಿಲ್ಲ, ಉಳಿದ ಚೂರು ಇಂಧನದಲ್ಲಿ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ನಮ್ಮ ಉಪಗ್ರಹಗಳಿಗೆ ಮಾಡುವ ಲೆಕ್ಕವೂ ಇದೇ.

ಸೋವಿಯತ್ ಒಕ್ಕೂಟದ ಗೊರಿಜೋಂಟ್ ಉಪಗ್ರಹಗಳಿಗೆ ಉತ್ತರ ದಕ್ಷಿಣ ಹಿಡಿತ ಮೊದಲಿನಿಂದಲೇ ಇರಲಿಲ್ಲ. 1978ರ ಡಿಸೆಂಬರಿನಲ್ಲಿ ಮೊದಲನೆಯದು ಹಾರಿತು, ವಿನ್ಯಾಸದ ಆಯುಸ್ಸು ಮೂರು ವರ್ಷ. ನೆಲದ ಮೇಲೆ ಸೋವಿಯತ್ ಟಿವಿ ಜಾಲದ ಒರ್ಬಿತಾ ಕೇಂದ್ರಗಳ 12 ಮೀಟರ್ ಡಿಶ್‌ಗಳು ಭೂಸ್ಥಿರವಲ್ಲದ ಮೊಲ್ನಿಯಾ ಉಪಗ್ರಹಗಳನ್ನು ಆಕಾಶದುದ್ದಕ್ಕೂ ಹಿಂಬಾಲಿಸಲೆಂದೇ ಕಟ್ಟಿದಂಥವು, ಹಾಗಾಗಿ ಉಪಗ್ರಹ ತೂಗಿದರೂ ಅವಕ್ಕೆ ಕಷ್ಟವಾಗಲಿಲ್ಲ. ಸ್ಥಿರವಾಗಿ ನಿಲ್ಲಿಸಿದ ಡಿಶ್‌ಗಳ ಕಾಲ ಬಂದಾಗ ಮಾತ್ರ ಇದು ನಡೆಯುವಂತಿರಲಿಲ್ಲ. 1994ರ ಜನವರಿಯಲ್ಲಿ ಗಾಲ್ಸ್ ಎಂಬ ಉಪಗ್ರಹ, ಅದೇ ಅಕ್ಟೋಬರಿನಲ್ಲಿ ಮೊದಲ ಎಕ್ಸ್‌ಪ್ರೆಸ್ ಹೋದವು. ಎರಡರಲ್ಲೂ ಕಲಿನಿನ್‌ಗ್ರಾದ್‌ನ ಫಾಕೆಲ್ ಸಂಸ್ಥೆಯ ಎಸ್‌ಪಿಡಿ-100 ಪ್ಲಾಸ್ಮಾ ಎಂಜಿನ್‌ಗಳಿದ್ದವು. ಕ್ಸೆನಾನ್ ಅನಿಲವನ್ನು ವಿದ್ಯುತ್ತಿನಿಂದ ಅಯಾನು ಮಾಡಿ ಉಗುಳುವ ಈ ಎಂಜಿನ್ನಿನ ನೂಕುಬಲ 83 ಮಿಲಿನ್ಯೂಟನ್, ಅಂದರೆ ಎಂಟೂವರೆ ಗ್ರಾಂ ತೂಕದಷ್ಟು. ಆ ಸಣ್ಣ ನೂಕನ್ನು ಗಂಟೆಗಟ್ಟಲೆ ಕೊಟ್ಟೇ ಎರಡೂವರೆ ಟನ್ ತೂಕದ ಉಪಗ್ರಹದ ಕಕ್ಷೆಯನ್ನು ನೇರ ಹಿಡಿಯುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಮೆಚ್ಚುಗೆಯಾಗುವುದು ಈ ಎಂಜಿನ್.

ಲೆಕ್ಕ ಹಾಕಿದರೆ ಅದರ ಬೆಲೆ ತಿಳಿಯುತ್ತದೆ. 2500 ಕಿಲೋ ತೂಕದ ಉಪಗ್ರಹ, 12 ವರ್ಷ, ವರ್ಷಕ್ಕೆ 50 ಮೀಟರ್, ಒಟ್ಟು 600. ಹೈಡ್ರಜೀನ್ ಬಳಸುವ ಮಾಮೂಲಿ ಥ್ರಸ್ಟರ್‌ಗಾದರೆ ಇದಕ್ಕೆ ಸುಮಾರು 600 ಕಿಲೋ ಇಂಧನ ಬೇಕು. ಪ್ಲಾಸ್ಮಾ ಎಂಜಿನ್ನಿಗೆ ಸುಮಾರು 100 ಕಿಲೋ ಕ್ಸೆನಾನ್ ಸಾಕು. ಎಕ್ಸ್‌ಪ್ರೆಸ್-ಎಎಂ ಸರಣಿಗೆ 12 ವರ್ಷದ ಆಯುಸ್ಸು ಬರೆಯಲು ಸಾಧ್ಯವಾದದ್ದರ ಹಿಂದೆ ಈ ಉಳಿತಾಯವೂ ಇದೆ.

ಕಾಗದದ ಮೇಲಿನ 12 ವರ್ಷ ಆಕಾಶದಲ್ಲಿ ಹಾಗೇ ನಡೆಯುವುದಿಲ್ಲ ಎನ್ನುವುದಕ್ಕೆ 80 ಡಿಗ್ರಿಯ ಜಾಗವೇ ಸಾಕ್ಷಿ. ಎಕ್ಸ್‌ಪ್ರೆಸ್-ಎಎಂ2 ಅಲ್ಲಿಗೆ 2005ರಲ್ಲಿ ಬಂತು. 2009ರ ಫೆಬ್ರವರಿಯಲ್ಲಿ ಜೊತೆಗೆ ಬಂದ ಚಿಕ್ಕ ಉಪಗ್ರಹ ಎಕ್ಸ್‌ಪ್ರೆಸ್-ಎಂಡಿ1, ಹತ್ತು ವರ್ಷ ಬಾಳಬೇಕಿದ್ದದ್ದು 2013ರಲ್ಲೇ ಕೈಕೊಟ್ಟಿತು. ಅಲ್ಲಿಗೆಂದೇ ಕಟ್ಟಿದ ದೊಡ್ಡ ಉಪಗ್ರಹ ಎಕ್ಸ್‌ಪ್ರೆಸ್-ಎಎಂ4 2011ರ ಆಗಸ್ಟಿನಲ್ಲಿ ತಪ್ಪು ಕಕ್ಷೆಗೆ ಬಿದ್ದು, ಮುಂದಿನ ಮಾರ್ಚಿನಲ್ಲಿ ಪೆಸಿಫಿಕ್ ಸಾಗರಕ್ಕೆ ಇಳಿಸಬೇಕಾಯಿತು. ಅದರ ಬದಲಿ ಎಎಂ4ಆರ್ 2014ರ ಮೇ ತಿಂಗಳಲ್ಲಿ ರಾಕೆಟ್ಟಿನ ಜೊತೆಗೇ ನಾಶವಾಯಿತು. 53 ಡಿಗ್ರಿಯಲ್ಲಿ ಸೇವೆ ಮುಗಿಸಿದ, 2003ರ ಡಿಸೆಂಬರಿನಲ್ಲಿ ಹಾರಿದ ಹಳೆಯ ಎಎಂ22 ಅನ್ನೇ ಆಮೇಲೆ ಇಲ್ಲಿಗೆ ಸರಿಸಿ ತಂದರು. ಹೊಸದಾದ ಎಕ್ಸ್‌ಪ್ರೆಸ್-80 ಹಾರಿದ್ದು 2020ರ ಜುಲೈ 30ಕ್ಕೆ. ಹೊಸದು ಬರುವುದು ತಡವಾದಷ್ಟೂ ಹಳೆಯದು ಓರೆ ಕಕ್ಷೆಯಲ್ಲೇ ದುಡಿಯಬೇಕು. ನಿಮ್ಮ ರಿಸೀವರಿನಲ್ಲಿ ಕಾಣುವ ನಾಲ್ಕು ನಿಮಿಷದ ಸರಿಯುವಿಕೆಗೆ ಎಷ್ಟೋ ಸಲ ಮೂಲ ಕಾರಣ ಇಂಥ ಉಡಾವಣಾ ವೈಫಲ್ಯ.

ಎರಡು ಸಾಲಿನ ಅಂಕಿಗಳನ್ನು ಓದುವುದು

ಗಡಿಯಾರ ಹೇಳಿದ್ದನ್ನು ಖಚಿತಪಡಿಸಲು ಅಮೆರಿಕದವರು ಸಾರ್ವಜನಿಕವಾಗಿ ಕೊಡುವ ಕಕ್ಷಾ ದತ್ತಾಂಶ ಇದೆ. ಒಂದೊಂದು ಉಪಗ್ರಹಕ್ಕೂ ಎರಡೆರಡು ಸಾಲು ಅಂಕಿ. ಮೊದಲ ಸಾಲಿನಲ್ಲಿ ದತ್ತಾಂಶದ ವರ್ಷ ಮತ್ತು ವರ್ಷದ ಎಷ್ಟನೇ ದಿನ ಎಂದಿರುತ್ತದೆ, ಅದು ಹೊಸದೇ ನೋಡಿ. ಎರಡನೆಯ ಸಾಲಿನ 9ರಿಂದ 16ನೆಯ ಅಂಕಣದಲ್ಲಿರುವುದು ಕಕ್ಷೆಯ ಓರೆ. 0.02, 0.05, 0.08 ಹೀಗೆ ಇದ್ದರೆ ಉಪಗ್ರಹವನ್ನು ಬಿಗಿಯಾಗಿ ಹಿಡಿದಿದ್ದಾರೆ, ದೋಷವನ್ನು ನಿಮ್ಮ ತಾರಸಿಯಲ್ಲೇ ಹುಡುಕಿ. 0.6, 1.3 ಎಂದಿದ್ದರೆ ಹಿಡಿತ ಬಿಟ್ಟು ಎಷ್ಟು ಕಾಲವಾಯಿತು ಎಂದು ಭಾಗಿಸಿ ತಿಳಿಯಬಹುದು. ಮೂರು ತಿಂಗಳ ಹಿಂದಿನ ಅಂಕಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಬೆಳವಣಿಗೆ ಕಣ್ಣಿಗೆ ಕಾಣುತ್ತದೆ.

ಅದೇ ಸಾಲಿನ ಕೊನೆಯ ಕಡೆ, 53ನೆಯ ಅಂಕಣದಿಂದ, ದಿನಕ್ಕೆ ಎಷ್ಟು ಸುತ್ತು ಎಂಬ ಅಂಕಿ ಇದೆ. ಜಾಗದಲ್ಲಿ ನಿಂತ ಉಪಗ್ರಹಕ್ಕೆ ಅದು 1.0027. ಇದು 0.992ರ ಹತ್ತಿರಕ್ಕೆ ಇಳಿದಿದ್ದರೆ ಉಪಗ್ರಹವನ್ನು 35,786 ಕಿಲೋಮೀಟರ್ ಎತ್ತರದಿಂದ ಇನ್ನೂ 300 ಕಿಲೋಮೀಟರ್ ಮೇಲಕ್ಕೆ, ನಿವೃತ್ತ ಉಪಗ್ರಹಗಳ ಕಕ್ಷೆಗೆ ಎತ್ತಿಬಿಟ್ಟಿದ್ದಾರೆ. ಅದು ದಿನಕ್ಕೆ ನಾಲ್ಕು ಡಿಗ್ರಿಯ ಹತ್ತಿರ ಪಶ್ಚಿಮಕ್ಕೆ ಜಾರುತ್ತಿರುತ್ತದೆ. ಅಲ್ಲಿಗೆ ಹುಡುಕಾಟ ಮುಗಿಯಿತು.

ಮೇಲಕ್ಕೆ ಎತ್ತಲೂ ಆಗದೆ ಜಾಗದಲ್ಲೇ ನಿಯಂತ್ರಣ ತಪ್ಪಿದವು ಬೇರೆ ಥರ ನಡೆದುಕೊಳ್ಳುತ್ತವೆ. ಭೂಮಿಯ ಸಮಭಾಜಕ ವೃತ್ತ ಪೂರ್ತಿ ದುಂಡಗಿಲ್ಲದ ಕಾರಣ ಭೂಸ್ಥಿರ ಕಕ್ಷೆಯಲ್ಲಿ ಎರಡು ತಗ್ಗುಗಳಿವೆ, ಒಂದು 105 ಡಿಗ್ರಿ ಪಶ್ಚಿಮಕ್ಕೆ, ಇನ್ನೊಂದು 75 ಡಿಗ್ರಿ ಪೂರ್ವಕ್ಕೆ. ಎರಡನೆಯದು ಹಾಸನದಿಂದ ನೋಡಿದರೆ ಬಹುಮಟ್ಟಿಗೆ ನೇರ ದಕ್ಷಿಣ. ಸೋವಿಯತ್ ಕಾಲದ ಹಲವು ಉಪಗ್ರಹಗಳು ಇಂದಿಗೂ ಈ ತಗ್ಗಿನ ಎರಡೂ ಬದಿಗೆ ತೂಗಾಡುತ್ತಿವೆ. 80 ಡಿಗ್ರಿಯಲ್ಲಿ ನಿಯಂತ್ರಣ ಕಳೆದುಕೊಂಡದ್ದು ನಿಧಾನವಾಗಿ 70ರವರೆಗೆ ಸರಿದು, ಎರಡು ವರ್ಷಕ್ಕೂ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಹಿಂದಿರುಗುತ್ತದೆ. ಡಿಶ್‌ನಲ್ಲಿ ಇದರ ಲಕ್ಷಣ ದಿನದ ಏರಿಳಿತವಲ್ಲ, ವಾರದಿಂದ ವಾರಕ್ಕೆ ಪಶ್ಚಿಮದ ಕಡೆ ತಿರುಗಿಸಬೇಕಾಗಿ ಬರುವುದು.

ಒಂದು ಎಚ್ಚರಿಕೆ. ಒಂದೇ ಜಾಗದಲ್ಲಿ ಎರಡು ಮೂರು ಉಪಗ್ರಹ ಹತ್ತಿರ ಹತ್ತಿರ ಇದ್ದಾಗ ಪಟ್ಟಿಯಲ್ಲಿ ಒಂದರ ಹೆಸರಿಗೆ ಇನ್ನೊಂದರ ಅಂಕಿ ಸೇರುವುದುಂಟು. ಓರೆ ಒಂದೇ ವಾರದಲ್ಲಿ 1.5ರಿಂದ 0.03ಕ್ಕೆ ಇಳಿದಂತೆ ಕಂಡರೆ ನಂಬಬೇಡಿ.

ಒಮ್ಮೆಗೇ ಎಲ್ಲವೂ ಹೋದರೆ

ಹಗಲಿರುಳೆನ್ನದೆ, ಎಲ್ಲ ಫ್ರೀಕ್ವೆನ್ಸಿಯೂ ಒಟ್ಟಿಗೆ, ಮುನ್ಸೂಚನೆಯಿಲ್ಲದೆ ಹೋಗಿದ್ದು ಪಕ್ಕದ ಉಪಗ್ರಹ ಅದೇ ಡಿಶ್‌ನಲ್ಲಿ ಸರಿಯಾಗಿ ಬರುತ್ತಿದ್ದರೆ ವಯಸ್ಸಿನ ಮಾತು ಅಲ್ಲಿ ನಡೆಯುವುದಿಲ್ಲ. 96.5 ಡಿಗ್ರಿಯಲ್ಲಿದ್ದ ಎಕ್ಸ್‌ಪ್ರೆಸ್-ಎಎಂ11 ಹಾರಿದ್ದು 2004ರ ಏಪ್ರಿಲಿನಲ್ಲಿ. 2006ರ ಮಾರ್ಚ್ 29ರಂದು ಹೊರಗಿನ ವಸ್ತುವೊಂದು ಬಡಿದು ಅದರ ಉಷ್ಣ ನಿಯಂತ್ರಣ ವ್ಯವಸ್ಥೆ ಒಡೆಯಿತು ಎಂದು ನಿರ್ವಾಹಕ ಸಂಸ್ಥೆ ಪ್ರಕಟಿಸಿತು. ಶೈತ್ಯ ದ್ರವ ಚಿಮ್ಮಿದ ರಭಸಕ್ಕೆ ಉಪಗ್ರಹ ದಿಕ್ಕು ತಪ್ಪಿ ತಿರುಗತೊಡಗಿತು, ಮೈಯ ಶಾಖ ಹೊರಹಾಕುವ ದಾರಿಯೂ ಇಲ್ಲವಾಯಿತು. ಪೂರ್ತಿ ಕೈತಪ್ಪುವ ಮುನ್ನ ನಿಯಂತ್ರಣ ಕೇಂದ್ರದವರು ಅದನ್ನು ಮೇಲಿನ ಕಕ್ಷೆಗೆ ಎತ್ತಿದರು. ಹನ್ನೆರಡು ವರ್ಷದ ಆಯುಸ್ಸಿನಲ್ಲಿ ಎರಡು ವರ್ಷವೂ ತುಂಬಿರಲಿಲ್ಲ. ಆ ಸ್ಥಿತಿಯಲ್ಲೂ ಅವರು ಕಕ್ಷೆಯನ್ನು ತೆರವು ಮಾಡಿದ್ದು ದೊಡ್ಡ ಕೆಲಸವೆಂದೇ ನಾನು ತಿಳಿದಿದ್ದೇನೆ, ಅಲ್ಲೇ ಬಿಟ್ಟಿದ್ದರೆ ಅದೂ 75ರ ತಗ್ಗಿನ ಕಡೆ ಜಾರಿ ಹೋಗುವ ದಾರಿಯಲ್ಲಿ ಎಷ್ಟೋ ಉಪಗ್ರಹಗಳ ಜಾಗ ಹಾಯುತ್ತಿತ್ತು.

ಹತ್ತಿರದ ಉದಾಹರಣೆ ಎಕ್ಸ್‌ಪ್ರೆಸ್-ಎಟಿ1. 2014ರ ಮಾರ್ಚ್ 16ರಂದು ಎಟಿ2ರ ಜೊತೆ ಹಾರಿ, 56 ಡಿಗ್ರಿಯಿಂದ ಉರಲ್ ಮತ್ತು ಸೈಬೀರಿಯಾದ ಮನೆಗಳಿಗೆ ನೇರ ಟಿವಿ ಕೊಡುತ್ತಿತ್ತು. ಆಯುಸ್ಸು 15 ವರ್ಷ. 2024ರ ಮಾರ್ಚ್ 4ರಂದು ನಿಂತಿತು, ಮರಳಿ ಸೇವೆಗೆ ತರಲಾಗುವುದಿಲ್ಲ ಎಂದು ಘೋಷಿಸಿದರು. ಅಲ್ಲಿನ ಚಂದಾದಾರನೊಬ್ಬ ಆ ದಿನ ಹಿಮದಲ್ಲಿ ಮಾಳಿಗೆ ಹತ್ತಿ ಎಲ್‌ಎನ್‌ಬಿ ಬದಲಿಸಿದ್ದರೂ ಏನೂ ಪ್ರಯೋಜನವಿರಲಿಲ್ಲ.

ಆದರೆ ಎಲ್ಲ ದಿಢೀರ್ ಮೌನವೂ ಸಾವಲ್ಲ. ದಿಕ್ಕು ಕಾಯುವ ವ್ಯವಸ್ಥೆ ತಪ್ಪಿದಾಗ ಉಪಗ್ರಹ ಪ್ರಸಾರವನ್ನೆಲ್ಲ ಆರಿಸಿ, ಫಲಕಗಳನ್ನು ಸೂರ್ಯನ ಕಡೆ ತಿರುಗಿಸಿಕೊಂಡು ಸುರಕ್ಷಿತ ಸ್ಥಿತಿಗೆ ಹೋಗುತ್ತದೆ. ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ವಾಪಸು ಬರುತ್ತದೆ. ಅರ್ಧದಷ್ಟು ಮಾತ್ರ ಹೋದರೆ ವಿದ್ಯುತ್ ಕೊರತೆಯನ್ನು ಶಂಕಿಸಿ: 2010ರ ಜುಲೈನಲ್ಲಿ ನಮ್ಮ ಇನ್ಸಾಟ್-4ಬಿಯ ಸೌರಫಲಕವೊಂದರ ಕಡೆಯ ವಿದ್ಯುತ್ ನಿಂತಾಗ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಬೇಕಾಗಿತ್ತು. ಹಾಗಾಗಿ ಮೊದಲ ಎರಡು ದಿನ ಡಿಶ್ ಅಲುಗಿಸಬೇಡಿ. ಆಮೇಲೆ ನಿರ್ವಾಹಕರ ಪ್ರಕಟಣೆ ಮತ್ತು ಆ ಎರಡು ಸಾಲು ಅಂಕಿಗಳನ್ನು ನೋಡಿ ನಿರ್ಧರಿಸಿ.

ಡಿಶ್‌ಗೆ ಏನು ಮಾಡಬಹುದು

ಓರೆ ಕಕ್ಷೆಯ ಉಪಗ್ರಹಕ್ಕೆ ದೊಡ್ಡ ಡಿಶ್ ಹಾಕಿದರೆ ಸರಿಹೋಗುತ್ತದೆ ಎಂದು ಅನೇಕರು ದುಡ್ಡು ಸುರಿಯುತ್ತಾರೆ. ಆಗುವುದು ತಿರುಗುಮುರುಗು. ಡಿಶ್ ದೊಡ್ಡದಾದಷ್ಟೂ ಅದರ ನೋಟ ಕಿರಿದು. ಸಿ ಬ್ಯಾಂಡಿನಲ್ಲಿ 2.4 ಮೀಟರ್ ಡಿಶ್‌ನ ನೋಟ ಸುಮಾರು 2.2 ಡಿಗ್ರಿ, 3.7 ಮೀಟರಿನದು 1.4 ಡಿಗ್ರಿ. ಓರೆ ಒಂದು ಡಿಗ್ರಿಯಿದ್ದಾಗ 2.4 ಮೀಟರ್ ಡಿಶ್ ತುದಿಗಳಲ್ಲಿ 3 ಡಿಬಿಯಷ್ಟು ಕಳೆದುಕೊಳ್ಳುತ್ತದೆ. ಅಷ್ಟು ಮಾರ್ಜಿನ್ ಇದ್ದರೆ ಚಿತ್ರ ನಿಲ್ಲುತ್ತದೆ. ಎರಡು ಡಿಗ್ರಿಯಾದರೆ 10 ಡಿಬಿ ಹೋಗುತ್ತದೆ, ಆಗ ತುದಿಗಳ ಹೊತ್ತಿನಲ್ಲಿ ಏನೂ ಇರುವುದಿಲ್ಲ. ಅಂದರೆ ಹಿಡಿತ ಬಿಟ್ಟ ಮೊದಲ ವರ್ಷ ಕಷ್ಟಪಟ್ಟು ನಡೆಯುತ್ತದೆ, ಎರಡನೆಯ ವರ್ಷ ದಿನದ ಹಲವು ಗಂಟೆ ಕೈಬಿಡಬೇಕು, ಮೂರನೆಯದಕ್ಕೆ ಹಿಂಬಾಲಿಸುವ ಮೋಟಾರ್ ಇಲ್ಲದೆ ಆಗುವುದಿಲ್ಲ.

ಮೊದಲ ವರ್ಷಕ್ಕೆ ಮಾಡಬಹುದಾದದ್ದು ಗುರಿಯನ್ನು 8ರ ನಟ್ಟನಡುವಿಗೆ ತರುವುದು. ಸಿಗ್ನಲ್ ಅತಿ ಹೆಚ್ಚಿರುವ ಹೊತ್ತಿಗೆ ಹೊಂದಿಸಿದರೆ ಸಾಲದು. ಎರಡು ತುದಿಗಳ ಹೊತ್ತಿನಲ್ಲೂ ಅಳೆದು, ಎರಡೂ ಕಡೆ ಕ್ವಾಲಿಟಿ ಸಮವಾಗುವಂತೆ ಎತ್ತರದ ಬೋಲ್ಟನ್ನು ಕಾಲು ಕಾಲು ಸುತ್ತು ತಿರುಗಿಸಿ. ಅಜಿಮತ್, ಅಂದರೆ ಪೂರ್ವ ಪಶ್ಚಿಮದ ದಿಕ್ಕು, ಮುಟ್ಟಬೇಡಿ. ಕರ್ನಾಟಕದಿಂದ 80 ಡಿಗ್ರಿ ನೆತ್ತಿಯ ಹತ್ತಿರವೂ ದಕ್ಷಿಣಕ್ಕೂ ಇರುವುದರಿಂದ ಉತ್ತರ ದಕ್ಷಿಣದ ಓಡಾಟವೆಲ್ಲ ಬಹುಪಾಲು ಎತ್ತರದಲ್ಲೇ ಕಾಣುತ್ತದೆ. ಇದು ನಮಗಿರುವ ಅನುಕೂಲ: ಹಿಂಬಾಲಿಸಬೇಕೆನ್ನುವವರು ಎತ್ತರಕ್ಕೆ ಒಂದೇ ಆಕ್ಚುಯೇಟರ್ (ಡಿಶ್ ಎತ್ತಿ ಇಳಿಸುವ ಮೋಟಾರ್) ಹಾಕಿದರೆ ಸಾಕು. ಅದನ್ನು ಟೈಮರ್‌ಗೆ ಕಟ್ಟುವಾಗ 24 ಗಂಟೆಯ ಟೈಮರ್ ಬೇಡ, ದಿನಾ ನಾಲ್ಕು ನಿಮಿಷ ಹಿಂದೆ ಸರಿಯುವಂತೆ ಮೈಕ್ರೋಕಂಟ್ರೋಲರಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಮೂರು ತಿಂಗಳಲ್ಲಿ ಆರು ಗಂಟೆ ತಪ್ಪಿ, ಉಪಗ್ರಹ ನಡುವಿನಲ್ಲಿದ್ದಾಗ ಡಿಶ್ ತುದಿಯಲ್ಲಿರುತ್ತದೆ.

ಹಳೆಯದರ ಜಾಗಕ್ಕೆ ಹೊಸ ಉಪಗ್ರಹ ಬಂದಿದ್ದರೆ ಡಿಶ್‌ನ ದಿಕ್ಕು ಬದಲಿಸುವುದಿಲ್ಲ, ಎತ್ತರ ಮಾತ್ರ ಹೊಸದರ ಮೇಲೆ ಮತ್ತೆ ಹೊಂದಿಸಬೇಕು. ಎಕ್ಸ್‌ಪ್ರೆಸ್-80ರಂಥವು ಪ್ಲಾಸ್ಮಾ ಎಂಜಿನ್ ಬಳಸಿ ತಿಂಗಳುಗಟ್ಟಲೆ ಕಕ್ಷೆ ಏರಿ ಜಾಗಕ್ಕೆ ಬರುವಂಥವು, ಹಾರಿದ ಮರುವಾರವೇ ಹುಡುಕಿದರೆ ಸಿಗುವುದಿಲ್ಲ. ಬಂದ ಮೇಲೆ ಹಳೆಯ ಫ್ರೀಕ್ವೆನ್ಸಿ ಪಟ್ಟಿಯನ್ನು ಪೂರ್ತಿ ಅಳಿಸಿ, ಟೆಫ್ಲಾನ್ ಪಟ್ಟಿ ಇಟ್ಟೊಮ್ಮೆ ತೆಗೆದೊಮ್ಮೆ ಬ್ಲೈಂಡ್ ಸ್ಕ್ಯಾನ್ ಮಾಡಿ. 5ಜಿ ಫಿಲ್ಟರ್ ಹಾಕಿಸಿದ್ದರೆ ಆ ಸ್ಕ್ಯಾನ್ ಹೊತ್ತಿಗೆ ಅದನ್ನೂ ಒಮ್ಮೆ ಬಿಚ್ಚಿ ನೋಡಿ.